ಆಣೆ ಹಾಕಿಸಿದರೆ ಕುಡಿತ ಬಿಡುತ್ತಾ?

‘ಮಗಳ ತಲೆ ಮುಟ್ಟಿ ಆಣೆ ಮಾಡಿದ್ರು, ಮೂರೇ ದಿನಕ್ಕೆ ಮತ್ತೆ ಶುರು.’ ‘ಮಾಲೆ ಹಾಕಿದಾಗ ಅದರ ಕಡೆ ತಿರುಗಿಯೂ ನೋಡಲ್ಲ, ಶಬರಿಮಲೆಯಿಂದ ಬಂದ ವಾರಕ್ಕೆ ಬಾಟ್ಲಿ.’ ‘ನಮ್ಮತ್ತೆ ಹೇಳ್ತಾರೆ, ನಿನಗೆ ಗಂಡನ್ನ ಹಿಡಿತದಲ್ಲಿ ಇಟ್ಕೊಳ್ಳೋಕೆ ಬರಲ್ಲ, ಅದಕ್ಕೇ ಅವನು ಕುಡೀತಾನೆ ಅಂತ.’ ಕುಡಿತದ ಮನೆಯ ಹೆಣ್ಣುಮಕ್ಕಳ ಮಾತು ಎಲ್ಲಿ ಕೇಳಿದರೂ ಹೆಚ್ಚುಕಡಿಮೆ ಇಷ್ಟೇ. ಊರು ಬೇರೆ, ಜಾತಿ ಬೇರೆ, ಬಾಟಲಿಯ ರೇಟು ಬೇರೆ. ಉಳಿದದ್ದೆಲ್ಲ ಒಂದೇ.

ಈ ಮೂರೂ ಮಾತಿನ ಹಿಂದೆ ಒಂದೇ ನಂಬಿಕೆ ಇದೆ. ಕುಡಿಯೋದು, ಬಿಡೋದು ಎಲ್ಲ ಮನಸ್ಸಿಗೆ ಸೇರಿದ್ದು. ಮನಸ್ಸು ಮಾಡಿದರೆ ಇವತ್ತೇ ಬಿಡಬಹುದು. ಬಿಡ್ತಿಲ್ಲ ಅಂದ್ರೆ ಹೆಂಡತಿ ಮಕ್ಕಳ ಮೇಲೆ ಪ್ರೀತಿ ಇಲ್ಲ ಅಂತ. ನನ್ನ ಪ್ರಕಾರ ಈ ನಂಬಿಕೆ ಅರ್ಧ ಸುಳ್ಳು. ಆ ಅರ್ಧ ಸುಳ್ಳಿನಿಂದ ಸಂಸಾರಗಳು ಒಡೆಯುವುದಷ್ಟೇ ಅಲ್ಲ, ಕೆಲವು ಸಲ ಜೀವವೇ ಹೋಗುತ್ತದೆ. ಅದಕ್ಕೇ ಇವತ್ತು ಸ್ವಲ್ಪ ಮಿದುಳಿನ ಒಳಗಿನ ವಿಷಯ ಮಾತಾಡೋಣ. ಎರಡು ಮೂರು ಕಷ್ಟದ ಹೆಸರು ಬರುತ್ತವೆ, ಹೆದರಬೇಡಿ. ಶುಗರ್ರು, ಬಿಪಿ, ಥೈರಾಯ್ಡು ಎಲ್ಲ ನಾವು ಕಲಿತಿಲ್ಲವೇ?

ಬ್ರೇಕು ಮತ್ತು ಆಕ್ಸಿಲರೇಟರು

ನಮ್ಮ ಮಿದುಳಿನಲ್ಲಿ ‘ಗಾಬಾ’ ಎಂಬ ರಾಸಾಯನಿಕ ಬ್ರೇಕಿನ ಕೆಲಸ ಮಾಡುತ್ತದೆ. ‘ಗ್ಲುಟಮೇಟ್’ ಎಂಬ ಇನ್ನೊಂದು ಆಕ್ಸಿಲರೇಟರಿನ ಕೆಲಸ ಮಾಡುತ್ತದೆ. ಎರಡೂ ಹದವಾಗಿದ್ದರೆ ಗಾಡಿ ಸರಿಯಾಗಿ ಓಡುತ್ತದೆ. ಮದ್ಯ ಒಳಗೆ ಹೋದ ಕೂಡಲೇ ಬ್ರೇಕನ್ನು ಒತ್ತುತ್ತದೆ, ಆಕ್ಸಿಲರೇಟರನ್ನು ತಗ್ಗಿಸುತ್ತದೆ. ಅದಕ್ಕೇ ಮೊದಲ ಪೆಗ್ಗಿಗೆ ಮೈ ಹಗುರ, ಚಿಂತೆ ದೂರ, ಮಾತು ಜೋರು. ಇನ್ನೂ ಕುಡಿದರೆ ನಾಲಿಗೆ ತೊದಲು, ಕಾಲು ಅಡ್ಡಾದಿಡ್ಡಿ.

ಒಂದು ದಿನದ ಮಾತಾದರೆ ಮಾರನೇ ದಿನ ತಲೆನೋವಿನಲ್ಲಿ ಮುಗಿಯುತ್ತೆ. ಆದರೆ ದಿನಾ ಹೀಗೇ ಆದರೆ ಮಿದುಳು ಸುಮ್ಮನೆ ಕೂರುವುದಿಲ್ಲ. ಹೊರಗಿನಿಂದ ಯಾರೋ ದಿನಾ ಬ್ರೇಕ್ ಒತ್ತುತ್ತಿದ್ದಾರೆ ಅಂತ ಅದು ತನ್ನ ಬ್ರೇಕನ್ನೇ ಸಡಿಲ ಮಾಡಿಕೊಳ್ಳುತ್ತದೆ, ಆಕ್ಸಿಲರೇಟರನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುತ್ತದೆ. ಮೊದಲು ‘ನೈಂಟಿ’ ಸಾಕಾಗುತ್ತಿದ್ದವರಿಗೆ ಆಮೇಲೆ ಕ್ವಾರ್ಟರ್ ಬೇಕು ಅನ್ನಿಸುವುದು ಹೀಗೆ. ‘ನಮ್ಮೆಜಮಾನ್ರು ಎಷ್ಟು ಕುಡಿದ್ರೂ ಸ್ಟೆಡಿ’ ಅಂತ ಕೆಲವರು ಹೆಮ್ಮೆಯಿಂದ ಹೇಳುವುದುಂಟು. ಅದು ಹೆಮ್ಮೆಯ ವಿಷಯ ಅಲ್ಲ ತಾಯಿ, ಮಿದುಳು ಮದ್ಯಕ್ಕೆ ಒಗ್ಗಿಹೋಗಿದೆ ಅನ್ನೋದಕ್ಕೆ ಗುರುತು.

ಇನ್ನೊಂದು ರಾಸಾಯನಿಕ ಡೋಪಮೈನ್. ಇದು ‘ಇದು ಚೆನ್ನಾಗಿದೆ, ನೆನಪಿಟ್ಟುಕೋ, ಮತ್ತೆ ಮಾಡು’ ಅಂತ ಮಿದುಳಿಗೆ ಹೇಳಿಕೊಡುವ ಮೇಷ್ಟ್ರು. ಊಟ, ಹಾಡು, ಮಗುವಿನ ನಗು ಎಲ್ಲಕ್ಕೂ ಇದು ಒಂದಿಷ್ಟು ಒಸರುತ್ತದೆ. ಮದ್ಯವೂ ಇದನ್ನು ಸುಲಭವಾಗಿ ಹೊರಡಿಸುತ್ತದೆ. ವರ್ಷಾನುಗಟ್ಟಲೆ ಹೀಗಾದ ಮೇಲೆ ಮಗಳ ಸ್ಕೂಲ್ ಡೇ, ಮನೆಯ ಹಬ್ಬ, ನೀವು ಮಾಡಿದ ಹೋಳಿಗೆ ಎಲ್ಲವೂ ಸಪ್ಪೆಯಾಗುತ್ತವೆ. ಆದರೆ ಬಾರಿನ ಬೋರ್ಡು, ಸಂಜೆ ಆರೂವರೆ ಗಂಟೆ, ಉಪ್ಪುಖಾರದ ಕಡ್ಲೆಬೀಜದ ವಾಸನೆ, ಒಬ್ಬ ಗೆಳೆಯನ ಫೋನು ಇವಿಷ್ಟಕ್ಕೆ ಮಿದುಳು ಎದ್ದು ಕೂರುತ್ತದೆ. ‘ನಮಗಿಂತ ಅದೇ ಹೆಚ್ಚಾಯ್ತಾ?’ ಅಂತ ಹೆಂಡತಿ ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಪ್ರೀತಿಯ ಲೆಕ್ಕದಲ್ಲಿ ಸಿಗುವುದಿಲ್ಲ.

ಥಟ್ಟನೆ ಬಿಟ್ಟರೆ ಏನಾಗುತ್ತೆ?

ಇದನ್ನು ದಯವಿಟ್ಟು ಎರಡು ಸಲ ಓದಿ. ದಿನಾ ಹೆಚ್ಚು ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಸಡಿಲಗೊಂಡ ಬ್ರೇಕು, ಬಿಗಿಯಾದ ಆಕ್ಸಿಲರೇಟರು ಹಾಗೇ ಉಳಿಯುತ್ತವೆ. ಗಾಡಿ ಘಾಟಿಯ ಇಳಿಜಾರಿನಲ್ಲಿ ನುಗ್ಗಿದಂತೆ. ಆರೆಂಟು ಗಂಟೆಗಳಲ್ಲೇ ಕೈ ನಡುಕ, ಬೆವರು, ಎದೆಬಡಿತ, ವಾಕರಿಕೆ, ಸಿಡಿಮಿಡಿ. ನಿದ್ದೆ ಇಲ್ಲ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಒಳಗೆ ಇನ್ನೂ ಕೆಲವರಿಗೆ ಭ್ರಮೆ ಶುರುವಾಗುತ್ತದೆ. ಗೋಡೆ ಮೇಲೆ ಇರುವೆ, ಹುಳ ಹರಿದಾಡಿದಂತೆ ಕಾಣುತ್ತದೆ, ಯಾರೋ ಕರೆದಂತೆ ಕೇಳುತ್ತದೆ, ಹೆಂಡತಿಯ ಗುರುತೇ ಸಿಗುವುದಿಲ್ಲ. ಇದು ಜೀವಕ್ಕೆ ಅಪಾಯದ ಸ್ಥಿತಿ. ನಮ್ಮಲ್ಲಿ ಇದಕ್ಕೆ ‘ಗಾಳಿ ಮೆಟ್ಟಿದೆ’ ಅಂತ ಹೆಸರಿಟ್ಟು ತಾಯಿತ ಕಟ್ಟಿಸಲು ಕರೆದೊಯ್ಯುವವರು ಇವತ್ತಿಗೂ ಇದ್ದಾರೆ. ಆ ಹೊತ್ತಿಗೆ ಬೇಕಾದದ್ದು ತಾಯಿತ ಅಲ್ಲ, ಆಂಬುಲೆನ್ಸು.

2020ರ ಮಾರ್ಚ್ ಕೊನೆಯ ವಾರದಲ್ಲಿ ಲಾಕ್‌ಡೌನ್ ಆಗಿ ಮದ್ಯದಂಗಡಿಗಳು ಮುಚ್ಚಿದಾಗ ಎಷ್ಟೋ ಹೆಂಗಸರು ‘ಕೊರೊನಾದಿಂದ ಒಂದಾದ್ರೂ ಒಳ್ಳೇದಾಯ್ತು’ ಅಂದುಕೊಂಡರು. ಆದರೆ ಅದೇ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಫಿಟ್ಸ್ ಮತ್ತು ಭ್ರಮೆಯೊಂದಿಗೆ ಬರುವ ಕುಡಿತದ ರೋಗಿಗಳು ಹೆಚ್ಚಾದದ್ದನ್ನು ವೈದ್ಯರು ದಾಖಲಿಸಿದ್ದಾರೆ. ಮೇ 4ರಂದು ಅಂಗಡಿ ತೆರೆದಾಗ ಬೆಳಗಿನಿಂದಲೇ ನಿಂತ ಸಾಲನ್ನು ನಾವೆಲ್ಲ ಟಿವಿಯಲ್ಲಿ ನೋಡಿ ನಕ್ಕೆವು. ಆ ಸಾಲಿನಲ್ಲಿ ಮಜಾಕ್ಕೆ ನಿಂತವರೂ ಇದ್ದರು, ಕೈ ನಡುಕ ನಿಲ್ಲಿಸಿಕೊಳ್ಳಲು ನಿಂತವರೂ ಇದ್ದರು.

ಹಾಗಾಗಿ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರು, ನಡುಕ ನಿಲ್ಲಲು ಬೆಳಿಗ್ಗೆಯೇ ಒಂದಿಷ್ಟು ಹಾಕಿಕೊಳ್ಳುವವರು, ಹಿಂದೆ ಬಿಟ್ಟಾಗ ಫಿಟ್ಸ್ ಬಂದವರು ಮನೆಯಲ್ಲೇ ಕೂಡಿಹಾಕಿ ಬಿಡಿಸುವ ಸಾಹಸಕ್ಕೆ ಒಳಗಾಗಬಾರದು. ಬಾಗಿಲಿಗೆ ಬೀಗ ಹಾಕೋದು ಚಿಕಿತ್ಸೆ ಅಲ್ಲ. ವೈದ್ಯರು ಕೆಲವು ದಿನ ಬ್ರೇಕಿನ ಕೆಲಸ ಮಾಡುವ ಮಾತ್ರೆ ಕೊಟ್ಟು, ಅದನ್ನು ದಿನದಿಂದ ದಿನಕ್ಕೆ ಇಳಿಸುತ್ತ ಬರುತ್ತಾರೆ. ಮಿದುಳು ಅಷ್ಟರಲ್ಲಿ ತನ್ನ ಬ್ರೇಕನ್ನು ರಿಪೇರಿ ಮಾಡಿಕೊಳ್ಳುತ್ತದೆ. ಆ ಮಾತ್ರೆಗೂ ಅಂಟಿಕೊಳ್ಳುವ ಅಪಾಯ ಇದೆ, ಆದ್ದರಿಂದ ಪಕ್ಕದ ಮನೆಯವರ ಹಳೇ ಚೀಟಿ ಹಿಡಿದು ಮೆಡಿಕಲ್ ಸ್ಟೋರಿಗೆ ಹೋಗಬೇಡಿ.

ಸೋಜಿಗವೆಂದರೆ, ಬಿಟ್ಟು ಹಿಡಿದು ಬಿಟ್ಟು ಹಿಡಿದು ಮಾಡಿದಷ್ಟೂ ಮುಂದಿನ ಸಲದ ನಡುಕ, ಫಿಟ್ಸು ಇನ್ನಷ್ಟು ಜೋರಾಗಬಹುದು. ‘ಹೋದ ಸಲ ಏನೂ ಆಗಿರ್ಲಿಲ್ಲ, ಈ ಸಲಾನೂ ಆಗಲ್ಲ’ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಮರ್ಯಾದೆಗೆ ಮುಚ್ಚಿಟ್ಟರೆ...

ಇಲ್ಲಿ ನಮ್ಮದೂ ಒಂದು ಪಾಲಿದೆ. ಗಂಡನನ್ನು ಕಾಲು ಮುರಿದುಕೊಂಡನೆಂದೋ, ಹರ್ನಿಯಾ ಆಪರೇಷನ್ನಿಗೆಂದೋ ಆಸ್ಪತ್ರೆಗೆ ಸೇರಿಸುತ್ತೇವೆ. ಡಾಕ್ಟರು ‘ಕುಡಿಯೋ ಅಭ್ಯಾಸ ಇದೆಯಾ?’ ಅಂದರೆ ಪಕ್ಕದ ಬೆಡ್ಡಿನವರು ಕೇಳಿಸಿಕೊಂಡಾರೆಂದು ‘ಇಲ್ಲ, ಯಾವಾಗ್ಲೋ ಒಂದ್ಸಲ’ ಅನ್ನುತ್ತೇವೆ. ಆಸ್ಪತ್ರೆಯಲ್ಲಿ ಮದ್ಯ ಸಿಗುವುದಿಲ್ಲವಲ್ಲ, ಮೂರನೇ ದಿನ ಆತ ಡ್ರಿಪ್ ಕಿತ್ತು ಓಡಲು ನೋಡುತ್ತಾನೆ. ‘ಮಾತ್ರೆ ಜಾಸ್ತಿ ಆಗಿ ಹುಚ್ಚು ಹಿಡೀತು’ ಅಂತ ನರ್ಸಮ್ಮನ ಮೇಲೆ ಜಗಳ. ಮೊದಲೇ ನಿಜ ಹೇಳಿದ್ದರೆ ತಡೆಯಬಹುದಿತ್ತು.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಮಾತು. ದಿನಾ ಕುಡಿಯುವವರು ಊಟ ಸರಿಯಾಗಿ ಮಾಡುವುದಿಲ್ಲ, ಮಾಡಿದ್ದೂ ಮೈಗೆ ಹತ್ತುವುದಿಲ್ಲ. ಮುಖ್ಯವಾಗಿ ಬಿ1, ಅಂದರೆ ಥಯಾಮಿನ್ ಎಂಬ ವಿಟಮಿನ್ ಖಾಲಿಯಾಗುತ್ತದೆ. ಅದು ಪೂರ್ತಿ ಬತ್ತಿದಾಗ ಕಣ್ಣಿನ ಚಲನೆ ಕೆಡುತ್ತದೆ, ನಡಿಗೆ ತಪ್ಪುತ್ತದೆ, ಗೊಂದಲ ಶುರುವಾಗುತ್ತದೆ. ಹಾಗೇ ಬಿಟ್ಟರೆ ಹೊಸ ನೆನಪೇ ನಿಲ್ಲದಂಥ ಶಾಶ್ವತ ಮರೆವು ಬರಬಹುದು. ಇಂಥವರಿಗೆ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಈ ಸ್ಥಿತಿ ಇನ್ನೂ ಕೆಡುವ ಅಪಾಯ ಇದೆ. ನಮ್ಮಲ್ಲಿ ಸುಸ್ತು ಅಂದ ಕೂಡಲೇ ‘ಒಂದು ಬಾಟ್ಲಿ ಗ್ಲೂಕೋಸ್ ಹಾಕ್ಬಿಡಿ ಸಾರ್’ ಅನ್ನೋ ಅಭ್ಯಾಸ. ಹಾಗೆ ಕೇಳುವ ಮೊದಲು ‘ಇವರು ದಿನಾ ಕುಡೀತಾರೆ’ ಅನ್ನೋ ಮೂರು ಪದ ಬಾಯಿಂದ ಬರಲಿ. ಮರ್ಯಾದೆ ಆಮೇಲೆ ನೋಡಿಕೊಳ್ಳೋಣ.

ಸಾರಿನಲ್ಲಿ ಬೆರೆಸುವ ಪುಡಿ

‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ – ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ, ಕರಪತ್ರಗಳಲ್ಲಿ, ಈಗ ಮೊಬೈಲಿನಲ್ಲೂ ಈ ಜಾಹೀರಾತು ನೋಡದವರು ಯಾರು? ಒಳಗೆ ಏನಿದೆ ಅಂತ ಬರೆದಿರದ ಪುಡಿಯನ್ನು ಸಾವಿರಾರು ರೂಪಾಯಿ ಕೊಟ್ಟು ತರಿಸಿ ಸಾರಿಗೆ, ಮಜ್ಜಿಗೆಗೆ ಬೆರೆಸುವವರಿದ್ದಾರೆ. ಇನ್ನು ಕೆಲವರು ‘ಡೈಸಲ್ಫಿರಾಂ’ ಮಾತ್ರೆಯನ್ನೇ ಪುಡಿ ಮಾಡಿ ಹಾಕುತ್ತಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಬೇರೆ ದಾರಿ ಕಾಣದೇ ಇದ್ದಾಗ ಯಾರಾದರೂ ಹೀಗೇ ಮಾಡಿಯಾರು. ಆದರೂ ಖಡಾಖಂಡಿತವಾಗಿ ಹೇಳುತ್ತೇನೆ, ಇದನ್ನು ಮಾಡಬೇಡಿ.

ಯಾಕೆ? ಮದ್ಯ ಲಿವರಿನಲ್ಲಿ ಕರಗುವಾಗ ಮಧ್ಯದಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷವಾಗುತ್ತದೆ. ಆರೋಗ್ಯವಂತ ಲಿವರು ಅದನ್ನು ಬೇಗ ಹೊರಹಾಕುತ್ತದೆ. ಡೈಸಲ್ಫಿರಾಂ ಈ ಕೆಲಸವನ್ನು ತಡೆದುಬಿಡುತ್ತದೆ. ಮಾತ್ರೆ ಹೊಟ್ಟೆಯಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ತಲೆ ಸಿಡಿದು, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಹೃದಯದ ತೊಂದರೆ ಇದ್ದವರು ಸಾಯಲೂಬಹುದು. ಗೊತ್ತಿದ್ದು ತೆಗೆದುಕೊಂಡವರು ಈ ಹೆದರಿಕೆಗೇ ಬಾಟಲಿಯಿಂದ ದೂರ ಇರುತ್ತಾರೆ, ಮಾತ್ರೆಯ ಉಪಯೋಗವೇ ಅದು. ಗೊತ್ತಿಲ್ಲದವರಿಗೆ ಹೆದರಿಕೆ ಎಲ್ಲಿಂದ ಬರಬೇಕು? ಅವರು ಎಂದಿನಂತೆ ಕುಡಿಯುತ್ತಾರೆ, ದಾರಿಯಲ್ಲಿ ಬೀಳುತ್ತಾರೆ. ಕೊನೆಯ ಮಾತ್ರೆಯ ನಂತರವೂ ಎರಡು ವಾರದವರೆಗೆ ಈ ಅಪಾಯ ಉಳಿಯಬಹುದು. ಲಿವರಿಗೂ ಪೆಟ್ಟು ಬೀಳಬಹುದು. ಅದಕ್ಕೇ ರೋಗಿಗೆ ಎಲ್ಲ ವಿವರಿಸಿ, ಒಪ್ಪಿಗೆ ಪಡೆದು, ರಕ್ತಪರೀಕ್ಷೆ ಮಾಡಿಸಿಯೇ ವೈದ್ಯರು ಇದನ್ನು ಕೊಡುತ್ತಾರೆ. ಇನ್ನೊಂದು ವಿಷಯ, ನಾಳೆ ಗುಟ್ಟು ರಟ್ಟಾದರೆ ನಿಮ್ಮ ಕೈ ಅಡುಗೆಯನ್ನು ಆತ ಮತ್ತೆ ನಂಬುತ್ತಾನಾ?

ಬೇರೆ ಮಾತ್ರೆಗಳೂ ಇವೆ. ನಾಲ್‌ಟ್ರೆಕ್ಸೋನ್ ಕುಡಿದಾಗ ಸಿಗುವ ಖುಷಿಯನ್ನೇ ಮಂಕು ಮಾಡುತ್ತದೆ. ಅಕಾಂಪ್ರೊಸೇಟ್, ಬಿಟ್ಟ ಮೇಲೆ ಮಿದುಳಿನ ಚಡಪಡಿಕೆಯನ್ನು ತಗ್ಗಿಸುತ್ತದೆ ಎನ್ನುತ್ತಾರೆ. ಯಾರಿಗೆ ಯಾವುದು ಎಂಬುದು ಲಿವರು, ಕಿಡ್ನಿ ನೋಡಿ ಡಾಕ್ಟರು ನಿರ್ಧರಿಸುವ ಮಾತು. ಕುಡಿತಕ್ಕೆ ಔಷಧಿ ಇದೆ ಅನ್ನೋದೇ ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದು ಬೇಸರ.

ಮಾಲೆ ಹಾಕಿದಾಗ ಆಗೋದು ಆಮೇಲ್ಯಾಕೆ ಆಗಲ್ಲ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ‘ನಲವತ್ತೆಂಟು ದಿನ ಬಿಡೋಕಾಗುತ್ತೆ ಅಂದ್ರೆ ಜೀವನಪೂರ್ತಿ ಬಿಡೋಕೇನು ರೋಗ?’ ಎಂದು ಸಿಟ್ಟಿನಲ್ಲಿ ಕೇಳುತ್ತೇವೆ. ಸಿಟ್ಟು ಬಿಟ್ಟು ಒಂದು ಸಲ ಮಾಲೆಯ ದಿನಚರಿ ನೋಡಿ. ಬೆಳಗಿನ ಜಾವ ಏಳೋದು, ತಣ್ಣೀರ ಸ್ನಾನ. ಹೊತ್ತಿಗೆ ಸರಿಯಾಗಿ ಸಾತ್ವಿಕ ಊಟ. ಸಂಜೆ, ಅದೂ ಬಾರಿಗೆ ಹೋಗುವ ಅದೇ ಹೊತ್ತಿನಲ್ಲಿ, ಹತ್ತಾರು ಜನರ ಜೊತೆ ಭಜನೆ. ಕುಡಿಯುವ ಗೆಳೆಯರು ತಾವೇ ದೂರ. ಬಾರಿನವನೂ ಕಪ್ಪು ಬಟ್ಟೆ ನೋಡಿದರೆ ಕೈ ಮುಗಿದು ಕಳಿಸುತ್ತಾನೆ. ನಿನ್ನೆವರೆಗೆ ‘ಕುಡುಕ’ ಅಂದವರೆಲ್ಲ ಇವತ್ತು ‘ಸ್ವಾಮಿ’ ಅನ್ನುತ್ತಾರೆ, ಹೆಂಡತಿಯೂ ಸೇರಿ. ಭಕ್ತಿಯ ಮಾತು ಅವರವರಿಗೆ ಬಿಟ್ಟದ್ದು. ಆದರೆ ಮಿದುಳಿನ ಕಣ್ಣಿನಿಂದ ನೋಡಿದರೆ ಇದು ಬದುಕಿನ ರೀತಿಯನ್ನೇ ಪೂರ್ತಿ ಬದಲಿಸಿದ ಒಂದು ಚಿಕಿತ್ಸೆ. ಹಳೇ ಗಂಟೆ ಬಾರಿಸುವ ಜಾಗಗಳೆಲ್ಲ ಮುಚ್ಚಿರುತ್ತವೆ, ಹೊಸ ಸಂತೋಷಗಳು ತೆರೆದಿರುತ್ತವೆ.

ಮಾಲೆ ತೆಗೆದ ಮಾರನೇ ದಿನ? ಅದೇ ಖಾಲಿ ಸಂಜೆ, ಅದೇ ಗೆಳೆಯರು, ಅದೇ ರಸ್ತೆ. ‘ಸ್ವಾಮಿ’ ಹೋಗಿ ಮತ್ತೆ ‘ಏನಯ್ಯಾ’. ಮಿದುಳು ಆರೇಳು ವಾರದಲ್ಲಿ ಅರ್ಧ ರಿಪೇರಿಯಾಗಿರುತ್ತದೆ ಅಷ್ಟೇ. ನಿದ್ದೆ, ಮೂಡು, ತಾಳ್ಮೆ ಸರಿಹೋಗಲು ಹಲವಾರು ತಿಂಗಳು ಬೇಕಾಗುತ್ತದೆ. ಮೇಲಾಗಿ ಒಗ್ಗಿಹೋಗಿದ್ದ ಶಕ್ತಿ ಕಡಿಮೆಯಾಗಿರುತ್ತದೆ. ಹಳೇ ಲೆಕ್ಕದಲ್ಲೇ ಒಮ್ಮೆಲೇ ಸುರಿದುಕೊಂಡರೆ ಅದೂ ಅಪಾಯವೇ.

ಹಾಗಾದರೆ ಮಾಲೆ ಇಲ್ಲದೆಯೂ ಆ ದಿನಚರಿಯನ್ನು ಉಳಿಸಿಕೊಳ್ಳಲು ಆಗುತ್ತಾ ಅನ್ನೋದೇ ನಿಜವಾದ ಪ್ರಶ್ನೆ. ಮೊದಲು ಸಂಜೆ ಆರರಿಂದ ಒಂಬತ್ತು. ಆ ಮೂರು ಗಂಟೆಗೆ ಬೇರೆ ಕೆಲಸ ಇಲ್ಲದಿದ್ದರೆ ಬೆಳಗಿನ ಸಂಕಲ್ಪ ನೀರಿನಲ್ಲಿ ಹೋಮ. ವಾಕಿಂಗು, ವಾಲಿಬಾಲು, ಭಜನೆ, ಮಗನ ಟ್ಯೂಷನ್ನಿಗೆ ಬಿಟ್ಟು ಕರೆತರುವುದು, ತೋಟಕ್ಕೆ ನೀರು ಬಿಡುವುದು, ಏನಾದರೂ ಸರಿ. ಬರುವ ದಾರಿ ಬದಲಾಗಲಿ, ಬಾರಿನ ಮುಂದಿನ ರಸ್ತೆಗಿಂತ ಸುತ್ತಿನ ರಸ್ತೆ ಒಳ್ಳೇದು. ಹೊಟ್ಟೆ ಖಾಲಿ ಇದ್ದಾಗ ಚಟದ ಎಳೆತ ಜಾಸ್ತಿ, ಆದ್ದರಿಂದ ಸಂಜೆ ಆರಕ್ಕೇ ಗಟ್ಟಿಯಾಗಿ ಏನಾದರೂ ತಿನ್ನಲಿ. ಕಡಲೆಕಾಯಿ, ಹೆಸರುಕಾಳು ಉಸಲಿ ಚೆನ್ನ, ಅವುಗಳಲ್ಲಿ ಆ ಬಿ1 ಕೂಡ ಇದೆ. (ಉಸಲಿಯೇ ಔಷಧಿ ಅಂದುಕೊಂಡು ಡಾಕ್ಟರು ಕೊಟ್ಟ ವಿಟಮಿನ್ ನಿಲ್ಲಿಸಬೇಡಿ.) ಬಿಟ್ಟವರಿಗೆ ಸಿಹಿ ತಿನ್ನುವ ಆಸೆ ಹೆಚ್ಚುವುದು ಸಾಮಾನ್ಯ. ಶುಗರ್ ಇಲ್ಲದಿದ್ದರೆ ಎರಡು ದಿನಕ್ಕೊಂದು ಲಾಡಿಗೆ ರೇಗಬೇಡಿ. ರಾತ್ರಿ ನಿದ್ದೆ ಬರ್ತಿಲ್ಲ ಅನ್ನುವವರಿಗೆ ಐದು ಗಂಟೆಯ ಮೇಲೆ ಕಾಫಿ ಟೀ ಬೇಡ.

ಆಸೆ ಉಕ್ಕಿ ಬಂದಾಗ ಅದು ಇಡೀ ರಾತ್ರಿ ಹಾಗೇ ಇರುವುದಿಲ್ಲ. ಹಾಲಿನ ಹಾಗೆ ಉಕ್ಕಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ದಾಟಿಸಲು ಸ್ನಾನ, ನಡಿಗೆ, ಯಾರಿಗಾದರೂ ಫೋನು. ಆ ‘ಯಾರಾದರೂ’ ತಾನೂ ಕುಡಿತ ಬಿಟ್ಟವನಾಗಿದ್ದರೆ ಇನ್ನೂ ವಾಸಿ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರು ಮಾಡಿದ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟಗಳು ನಮ್ಮ ಊರುಗಳಲ್ಲೂ ನಡೆಯುತ್ತವೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳ ಬಗ್ಗೆ ಹಳ್ಳಿಯವರಿಗೆ ಹೇಳಬೇಕಿಲ್ಲ. ಶಿಬಿರದಷ್ಟೇ ಮುಖ್ಯ, ಮುಗಿದ ಮೇಲೆ ಬಿಟ್ಟವರೇ ಕೂಡುವ ನವಜೀವನ ಸಮಿತಿಗಳು. ಸೇರಿಸುವ ಮೊದಲು ದಿನಕ್ಕೆಷ್ಟು ಕುಡಿತ, ಹಿಂದೆ ಫಿಟ್ಸ್ ಬಂದಿತ್ತಾ ಎಂಬುದನ್ನು ಅಲ್ಲಿಯವರಿಗೆ ಮುಚ್ಚಿಡಬೇಡಿ.

‘ಬರೀ ಬಿಯರ್ರು ಕಣೇ’ ಅನ್ನುವ ರಾಜಿಗೂ ಒಪ್ಪಬೇಡಿ. ಲೆಕ್ಕ ಹಾಕೋಣ ಬನ್ನಿ. 650 ಎಂ.ಎಲ್. ಸ್ಟ್ರಾಂಗ್ ಬಿಯರಿನಲ್ಲಿ ಶೇ 7 ಆಲ್ಕೋಹಾಲ್ ಅಂದರೂ 45 ಎಂ.ಎಲ್. ಆಯಿತು. 90 ಎಂ.ಎಲ್. ವಿಸ್ಕಿಯಲ್ಲಿ ಶೇ 42.8ರಂತೆ ಸುಮಾರು 38 ಎಂ.ಎಲ್. ಅಂದರೆ ಒಂದು ಸ್ಟ್ರಾಂಗ್ ಬಿಯರು ಒಂದು ನೈಂಟಿಗಿಂತ ಹೆಚ್ಚೇ!

ಹೆಂಡತಿಯ ಪಾಲು ಎಷ್ಟು?

ಇಷ್ಟೆಲ್ಲ ಓದಿ ‘ಅಂದ್ರೆ ಇನ್ನು ಉಸಲಿ ಮಾಡೋದು, ವಾಕಿಂಗ್ ಕಳಿಸೋದು, ಮಾತ್ರೆ ನುಂಗಿಸೋದು ಎಲ್ಲ ನನ್ನ ತಲೆಗೇ?’ ಅಂತ ನಿಮಗೆ ಅನ್ನಿಸಿದರೆ ಅದು ಸರಿಯಾದ ಅನುಮಾನ. ಕುಡಿತವನ್ನು ಮಿದುಳಿನ ಕಾಯಿಲೆ ಅಂದ ಕೂಡಲೇ ಹೆಂಡತಿಯನ್ನು ಸಂಬಳವಿಲ್ಲದ ನರ್ಸ್ ಮಾಡಿಬಿಡುವ ಅಪಾಯವಿದೆ. ನನ್ನ ಅಭಿಪ್ರಾಯ ಸ್ಪಷ್ಟ. ಚಟ ಅಂಟಿಕೊಂಡದ್ದು ಮಿದುಳಿನ ಕೆಲಸ ಇರಬಹುದು, ಡಾಕ್ಟರ ಹತ್ತಿರ ಹೋಗುವುದು ಆತನದೇ ಜವಾಬ್ದಾರಿ. ನೀವು ಜೊತೆಗೆ ಹೋಗಬಹುದು, ಊಟದ ಹೊತ್ತು ನೋಡಬಹುದು. ಜೇಬು ತಡಕುವುದು, ಬಾಯಿ ಮೂಸುವುದು, ಬಾಟಲಿ ಹುಡುಕಿ ಸಿಂಕಿಗೆ ಸುರಿಯುವುದರಿಂದ ಯಾರ ಮಿದುಳೂ ರಿಪೇರಿಯಾಗುವುದಿಲ್ಲ, ನಿಮ್ಮ ನಿದ್ದೆ ಮಾತ್ರ ಹೋಗುತ್ತದೆ. ಆಫೀಸಿಗೆ ಫೋನ್ ಮಾಡಿ ‘ಜ್ವರ’ ಅಂತ ಸುಳ್ಳು ಹೇಳುವುದು, ಬಾರಿನ ಸಾಲ ತೀರಿಸುವುದು ಇವನ್ನು ನಿಲ್ಲಿಸಿ. ಕುಡಿದಾಗ ಜಗಳ ಬೇಡ, ಬೆಳಿಗ್ಗೆ ಅಮಲು ಇಳಿದಾಗ ನಾಲ್ಕೇ ಮಾತಿನಲ್ಲಿ ಹೇಳಿ. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಕೂಟಗಳೂ ಇವೆ. ಅಲ್ಲಿ ಹೋದವರು ಕಲಿಯುವುದು ಗಂಡನನ್ನು ತಿದ್ದುವುದನ್ನಲ್ಲ, ತಾವು ಉಸಿರಾಡುವುದನ್ನು.

ಮತ್ತೆ ಜಾರಿ ಕುಡಿದರೆ? ಜಾರುವವರು ಬಹಳ. ‘ಎಲ್ಲ ಮುಗೀತು’ ಅನ್ನುವ ಮೊದಲು ಯಾವತ್ತು, ಯಾರ ಜೊತೆ, ಏನಾಗಿ ಅಂತ ಕೇಳಿಕೊಳ್ಳಿ. ಬೀಗರೂಟವಾ, ಬಟವಾಡೆಯ ಶನಿವಾರವಾ, ತಮ್ಮನ ಜೊತೆಗಿನ ಜಗಳವಾ? ಮುಂದಿನ ಸಲ ಆ ದಿನಕ್ಕೆ ಮೊದಲೇ ತಯಾರಾಗಬಹುದು.

ಆದರೆ ಹೊಡೆತಕ್ಕೆ ಈ ಯಾವ ವಿನಾಯಿತಿಯೂ ಇಲ್ಲ. ‘ಕುಡಿದಾಗ ಮಾತ್ರ ಹೊಡೀತಾರೆ, ಇಲ್ಲಾಂದ್ರೆ ದೇವರಂಥವರು’ ಎಂಬ ಮಾತು ಕೇಳಿ ಕೇಳಿ ಸಾಕಾಗಿದೆ. ಕುಡಿದವನು ತನ್ನ ಸಾಹೇಬನಿಗೆ ಹೊಡೆಯುವುದಿಲ್ಲ, ಗಮನಿಸಿದ್ದೀರಾ? ಕೌಟುಂಬಿಕ ದೌರ್ಜನ್ಯದಿಂದ ರಕ್ಷಣೆ ಕೊಡುವ 2005ರ ಕಾಯ್ದೆಯಲ್ಲಿ ಅಮಲಿಗೆ ರಿಯಾಯಿತಿ ಇಲ್ಲ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಚಿಕಿತ್ಸೆ ನಡೆಯುತ್ತಿರುವಾಗಲೂ ನೀವು ಮಕ್ಕಳೊಂದಿಗೆ ತವರಿನಲ್ಲಿರಬಹುದು, ಅದು ಕೈಬಿಟ್ಟಂತಲ್ಲ.

ಇನ್ನು ಸರ್ಕಾರ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು. ಪ್ಯಾಕೆಟ್ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಹೆಣ್ಣುಮಕ್ಕಳು ನಡೆದೇ ಬಂದರು. ಅವರ ನೋವಿನ ಬಗ್ಗೆ ಎರಡು ಮಾತಿಲ್ಲ. ಆದರೆ ಅಂಗಡಿ ಮುಚ್ಚುವ ದಿನ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಸಿಗೆ, ಮಾತ್ರೆ, ಡಾಕ್ಟರು ಇರದಿದ್ದರೆ ಏನಾಗುತ್ತದೆ ಎಂಬುದನ್ನು 2020 ತೋರಿಸಿದೆ. ಮದ್ಯದ ತೆರಿಗೆಯಿಂದ ಖಜಾನೆ ತುಂಬಿಸಿಕೊಳ್ಳುವವರು ಆ ಹಾಸಿಗೆಗಳನ್ನು ಕೊಡಲೇಬೇಕು. ಮುಂದಿನ ಜಾಥಾದಲ್ಲಿ ಈ ಬೇಡಿಕೆಯೂ ಸೇರಲಿ.

ಒಂದು ಮಾತು ಮರೆತೆವು. ಗಂಡಸರ ಬಗ್ಗೆಯೇ ಬರೆದೆ, ಯಾಕೆಂದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಸುಮಾರು ಶೇ 19 ಮಂದಿ, ಹೆಂಗಸರಲ್ಲಿ ಸುಮಾರು ಶೇ 1 ಮಂದಿ ಕುಡಿಯುವುದಾಗಿ ಹೇಳಿದ್ದಾರೆ. ಮನೆ ಬಾಗಿಲಿಗೆ ಬಂದು ಕೇಳಿದರೆ ಎಷ್ಟು ಹೆಂಗಸರು ನಿಜ ಹೇಳಿಯಾರು? ಈ ಪುಟ ಓದುತ್ತಿರುವ ನೀವೇ ಗುಟ್ಟಾಗಿ ಕುಡಿಯುತ್ತಿದ್ದರೆ, ಮೇಲೆ ಹೇಳಿದ್ದೆಲ್ಲ ನಿಮಗೂ ಹೌದು. ಹೆಂಗಸರ ಮೈಯಲ್ಲಿ ನೀರಿನ ಅಂಶ ಕಡಿಮೆ, ಅಷ್ಟೇ ಕುಡಿದರೂ ರಕ್ತಕ್ಕೆ ಹೆಚ್ಚು ಸೇರುತ್ತದೆ, ಲಿವರು ಬೇಗ ಕೆಡುತ್ತದೆ. ನಾಚಿಕೆಗೆ ಹಿಂಜರಿದು ವರ್ಷ ಕಳೆಯಬೇಡಿ.

ಎಲ್ಲಿಗೆ ಹೋಗೋದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಉಳಿದವರು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಿಂದ ಶುರು ಮಾಡಬಹುದು. ಮೊದಲು ಬರೀ ಮಾತಾಡಬೇಕು ಅನ್ನುವವರಿಗೆ 2022ರಲ್ಲಿ ಶುರುವಾದ ಟೆಲಿ-ಮಾನಸ್ 14416 ಇದೆ, ಚಟಕ್ಕೆಂದೇ 14446 ಇದೆ. ಎರಡಕ್ಕೂ ದುಡ್ಡಿಲ್ಲ. ಹೋಗುವಾಗ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಸಲ ಕುಡಿದದ್ದು ಯಾವತ್ತು, ಎಷ್ಟು ಗಂಟೆಗೆ. ಡಾಕ್ಟರು ಮೊದಲು ಕೇಳುವುದು ಅದನ್ನೇ.